ಮಗ್ಗದ ಕುಣಿ ಮತ್ತು ನಿಲ್ಲದ ಬೆಲ್

“ಅಕ್ಕಾ, ಲಗೂ ಬಾ! ನನ್ನ ಕಾಲಾಗಿನ ಹುಳ ತೋರಸಾಕತ್ತಾರ!”

ಮಗ್ಗದ ಕೋಣೆಯಿಂದ ಸಿದ್ದರಾಮೇಶ ಕೂಗಿದ. ಭಾಗ್ಯಜ್ಯೋತಿ ಬಾಗಿಲಲ್ಲೇ ನಿಂತಳು. ಮೂರು ತಿಂಗಳಿಂದ ಅವಳು ಆ ಕೋಣೆಗೆ ಕಾಲಿಟ್ಟಿರಲಿಲ್ಲ.

“ಹುಳ ಅಲ್ಲೋ, ಜೀವಕೋಶ. ನಿನ್ನವೂ ಅಲ್ಲ, ಲ್ಯಾಬಿನಾಗ ಬೆಳೆಸಿದ ಇಂಥವೇ ಬ್ಯಾರೆ,” ಎಂದು ಪ್ರಿಯಂವದಾ ನಕ್ಕಳು. ಅವಳು ಹಿಂದಿನ ಓಣಿಯ ಆಚಾರ್ರ ಮಗಳು. ಹೈದರಾಬಾದಿನ ಲ್ಯಾಬಿನಲ್ಲಿ ಕ್ಯಾನ್ಸರ್ ಔಷಧಿಯ ಕೆಲಸ. ರಜೆಗೆ ನಾರಾಯಣಪೇಟೆಗೆ ಬಂದವಳು, ಸಿದ್ದುವನ್ನು ನೋಡಲೆಂದು ಲ್ಯಾಪ್‌ಟಾಪ್ ಹಿಡಿದು ಬಂದಿದ್ದಳು.

ಭಾಗ್ಯಾಳ ಕಣ್ಣು ಲ್ಯಾಪ್‌ಟಾಪ್ ಬಿಟ್ಟು, ಅವ್ವ ನೇಯುತ್ತ ಕೂತಿದ್ದ ಮಗ್ಗದ ಕುಣಿಯ ಕಡೆ ಹೋಯಿತು. ಮಗ್ಗದ ಕೆಳಗೆ, ನೇಯುವವರು ಕಾಲು ಇಳಿಬಿಡುವ ಕುಣಿ. ಅಮಾಸೆ ದಿನ ಅವರ ಓಣಿಯಲ್ಲಿ ಯಾರೂ ಮಗ್ಗಕ್ಕೆ ಕೂಡುವುದಿಲ್ಲ, ಕುಣಿಗೂ ಇಳಿಯಬಾರದು. ಸಿದ್ದು ಕುಣಿಗೆ ಹಾರಿದ ದಿನ ಅಮಾಸೆಯೇ. “ಧೈರ್ಯ ಇದ್ರ ಹಾರು ನೋಡೋಣ,” ಅಂದದ್ದು ಅವಳೇ. ಆರು ವರ್ಷದ ಸಿದ್ದು ಹಾರಿ, ಮೀನಖಂಡ ಹಿಡಿದುಕೊಂಡು ಅತ್ತಿದ್ದ. ವಾರದ ಮೇಲೆ ಅಲ್ಲೇ ಒಂದು ಗಂಟು ಕಂಡಿತು. ಉಳುಕೆಂದು ಅವ್ವ ಎಣ್ಣೆ ತಿಕ್ಕಿದಳು. ಗಂಟು ಜಗ್ಗಲಿಲ್ಲ. ಮಕ್ತಲ್‌ನ ಡಾಕ್ಟರು ಹೈದರಾಬಾದಿಗೆ ಕಳಿಸಿದರು. ಅಲ್ಲಿ ಹೇಳಿದ್ದು, ಸ್ನಾಯುವಿನ ಕ್ಯಾನ್ಸರ್. ಹಾರಿಸಿದವರು ಯಾರೆಂದು ಭಾಗ್ಯಾ ಯಾರಿಗೂ ಹೇಳಿರಲಿಲ್ಲ. ಅಂದಿನಿಂದ ಅವಳಿಗೆ ತುತ್ತೇ ಇಳಿಯುತ್ತಿರಲಿಲ್ಲ.

“ಬಾರೇ,” ಎಂದು ಪ್ರಿಯಂವದಾ ಕರೆದಳು.

ಭಾಗ್ಯಾ ಮೆಲ್ಲಗೆ ಬಂದು ಬಗ್ಗಿದಳು. ಪರದೆಯ ಮೇಲೆ ಒಂದು ಕೋಶ ಉಬ್ಬಿತು, ನಡುವೆ ಸಣ್ಣಗಾಯಿತು, ಎರಡಾಯಿತು. ಎರಡು ನಾಲ್ಕಾದವು. ನಾಲ್ಕು ಎಂಟಾದವು. ಯಾರೂ ಮಾಡದೆ, ತಮ್ಮಷ್ಟಕ್ಕೆ ತಾವೇ! ಭಾಗ್ಯಾ ಉಸಿರು ಬಿಡುವುದನ್ನೇ ಮರೆತಳು.

“ಇವುಗಳ ಒಳಗ ಕೈನೇಸ್ ಅಂತ ಇರ್ತಾವ,” ಎಂದಳು ಪ್ರಿಯಂವದಾ. “ಬೆಳಿ ಅಂತ ಹೇಳೋ ಬಟನ್ ಅನ್ಕೋ. ಕೆಲಸ ಮುಗೀತಂದ್ರ ಆಫ್ ಆಗಬೇಕು. ಇಲ್ಲಿ ಒಂದು ಆಫೇ ಆಗವಲ್ಲದು.”

“ನಮ್ಮ ಸಾಲಿ ಬೆಲ್ ಹಂಗ! ಬಟನ್ ಸಿಕ್ಕೊಂಡು ಹೊಡಕೋತನ ಇತ್ತು. ಹೆಡ್‌ಮಾಸ್ಟರು ವೈರ್ ಕಿತ್ತಿದ್ರು. ಇಡೀ ಸಾಲಿ ಫ್ಯಾನೆಲ್ಲ ಬಂದ್!” ಎಂದಳು ಭಾಗ್ಯಾ.

“ಶಾಣ್ಯಾಕಿ! ಈಗಿನ ಔಷಧಿ ಥೇಟ್ ಹಂಗ. ಬೆಳಿಯೋ ಬ್ಯಾರೆ ಕೋಶಗಳನ್ನೂ ಹೊಡಿತದ. ಅದಕ್ಕ ಇವನ ಕೂದಲು ಹೋತು. ನಾವು ಹುಡಕೋದು, ಆ ಒಂದು ಬಟನ್‌ಗೆ ಮಾತ್ರ ಹೋಗಿ ಕೂಡೋ ಔಷಧಿ.”

ಅವಳು ಇನ್ನೊಂದು ವಿಡಿಯೋ ಹಾಕಿದಳು. ಆ ಔಷಧಿಯ ಒಂದು ಹನಿ ಬಿತ್ತು. ಕೋಶಗಳು ನಿಧಾನವಾದವು. ಆಮೇಲೆ ನಿಂತೇ ಬಿಟ್ಟವು.

ಸಿದ್ದು ಟೋಪಿ ತೆಗೆದು ಬೋಳು ತಲೆ ಸವರಿಕೊಂಡ. ಕಣ್ಣಿಗೆ ಕಾಣದ ಬಟನ್, ಅದನ್ನು ಹುಡುಕಿ ಹೋಗುವ ಔಷಧಿ! ಭಾಗ್ಯಾಳ ಮೈ ಜುಮ್ಮೆಂದಿತು.

“ಹಂಗಾದ್ರ ಇವತ್ತ ಕೊಟ್ಬಿಡ್ರಿ ಇವನಿಗೆ!”

“ಇದಿನ್ನೂ ಗಾಜಿನ ತಟ್ಟಿಯೊಳಗ ಅದ, ಪುಟ್ಟೀ. ಮನುಷ್ಯರಿಗೆ ಕೊಡಬೇಕಂದ್ರ ಭಾಳ ಟೆಸ್ಟ್ ಆಗಬೇಕು, ವರ್ಷಗಟ್ಟಲೆ. ಅಲ್ಲೀತನಕ ದವಾಖಾನಿ ಔಷಧಿ ಬಿಡಬಾರದು.”

ಭಾಗ್ಯಾ ಲಂಗದ ಅಂಚು ಹಿಂಡಿದಳು. “ಆ ಬಟನ್... ಕುಣಿಯಾಗ ಬಿದ್ರ ಸಿಕ್ಕೊಂತೈತೇನ್ರಿ? ನಾನೇ ಇವನ್ನ ಹಾರಿಸಿದೆ. ಅಮಾಸಿ ದಿನ.”

“ನಾ ಬಿದ್ದಿಲ್ಲ, ಹಾರಿದ್ದೆ!” ಎಂದು ಸಿದ್ದು ರೇಗಿದ.

ಪ್ರಿಯಂವದಾ ಅವಳನ್ನು ಹತ್ತಿರ ಎಳೆದುಕೊಂಡಳು. “ಇಲ್ಲ ಪುಟ್ಟೀ. ಇದು ಬಿದ್ದದ್ದಕ್ಕ ಬರೋದಲ್ಲ. ಮೊದಲೇ ಒಳಗ ಶುರುವಾಗಿತ್ತು. ಆಮೇಲೆ ನಿಮ್ಮ ಕಣ್ಣಿಗೆ ಬಿತ್ತು, ಅಷ್ಟೇ. ಆ ಕೋಶಕ್ಕ ಅಮಾಸಿ, ಹುಣ್ಣಿವಿ ಒಂದೂ ಗೊತ್ತಿಲ್ಲ.”

ಭಾಗ್ಯಾಳ ಕಣ್ಣಲ್ಲಿ ನೀರು ತಾನಾಗೇ ಇಳಿಯಿತು. ಆಗಲೇ ಅವಳಿಗೆ ಗೊತ್ತಾದದ್ದು, ಮಗ್ಗದ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು. ಅವ್ವ ಲಾಳಿಯನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು.

“ನಾ ಎಂಟು ದಿನ ಬಿಸಿ ಎಣ್ಣಿ ಹಚ್ಚಿ ತಿಕ್ಕಿದ್ನಲ್ರೀ,” ಎಂದಳು ಅವ್ವ, ಕೇಳಿಸದಷ್ಟು ಸಣ್ಣ ದನಿಯಲ್ಲಿ. “ಅದಕ್ಕೇನರ ಹಿಂಗಾತೋ...”

ಭಾಗ್ಯಾ ಅವ್ವನ ಮುಖ ನೋಡಿದಳು. ಮೂರು ತಿಂಗಳಿಂದ ಅವ್ವನ ತಾಟಿನಲ್ಲೂ ರೊಟ್ಟಿ ಹಾಗೇ ಉಳಿಯುತ್ತಿತ್ತು.

ಪ್ರಿಯಂವದಾ ಬಾಯಿ ತೆರೆಯುವ ಮೊದಲೇ ಭಾಗ್ಯಾ ಎದ್ದು ಹೋಗಿ ಅವ್ವನ ಪಕ್ಕ ಕೂತಳು. ಎರಡೂ ಕಾಲನ್ನು ಕುಣಿಗೆ ಇಳಿಬಿಟ್ಟಳು.

“ಇಲ್ಲವ್ವಾ,” ಎಂದಳು. “ಅದಕ್ಕಲ್ಲ.”