ಬೇರೆ ಬಟ್ಟಲು

ಕುದಿಯುವ ಸಾರಿನ ಮಡಕೆ ಮೇಜಿನ ನಡುವೆ ಬಂದು ಕೂತಿತು. ತೇಸಿಕ್ ಚಮಚ ಎತ್ತಲಿಲ್ಲ. ತನಗೊಂದು ಬೇರೆ ಬಟ್ಟಲು ಬೇಕೆಂದ.

ಜಿಂಜು ಊರಿನಲ್ಲಿ ಪ್ರೇಮಿಗಳು ಹಾಗೆ ಕೇಳುವುದಿಲ್ಲ. ಎಂಟು ತಿಂಗಳಿಂದ ಇಬ್ಬರ ಚಮಚವೂ ಒಂದೇ ಮಡಕೆಯಲ್ಲಿ ಮುಳುಗೇಳುತ್ತಿತ್ತು. ಹೋಟೆಲಿನಾಕೆ ಅವನೆದುರು ಕೂತ ಸೊಲ್ಮಿಯತ್ತ ಅಯ್ಯೋ ಪಾಪ ಎಂಬಂತೆ ನೋಡುತ್ತಲೇ ಬಟ್ಟಲು ತಂದಿಟ್ಟಳು.

“ನನ್ನ ಎಂಜಲು ಯಾವತ್ತಿಂದ ಕಹಿಯಾಯ್ತು?” ಸೊಲ್ಮಿ ನಗುತ್ತಲೇ ಕೇಳಿದಳು. ಅವನು ಕಣ್ಣು ತಪ್ಪಿಸಿದ. ತನ್ನ ಮನೆ ಬಾಗಿಲಲ್ಲಿ ಅವಳು ಮುತ್ತಿಗೆಂದು ಮುಖವೆತ್ತಿ ನಿಂತರೆ ಭುಜ ತಟ್ಟಿ ಹೊರಟೇಹೋದ. ಅವಳ ಕುಸ್ತಿ ಕೋಚ್ ಕೂಡ ಅದಕ್ಕಿಂತ ಪ್ರೀತಿಯಿಂದ ತಟ್ಟುತ್ತಿದ್ದರು.

ನಾಲ್ಕು ದಿನ ಮೆಸೇಜಿಗೆ ಉತ್ತರವಿಲ್ಲ. ತನಗಿಂತ ಹತ್ತು ಕೆಜಿ ಹೆಚ್ಚಿರುವವರನ್ನು ಮರಳಿನ ಮೇಲೆ ಕೆಡವುವ ಕುಸ್ತಿಯವಳು ಸೊಲ್ಮಿ. ಮೂಲೆಯಲ್ಲಿ ಕೂತು ಅಳುವ ಜಾಯಮಾನ ಅವಳದಲ್ಲ. ಅಭ್ಯಾಸ ಮುಗಿಸಿ ನೇರ ಅವನ ರೂಮಿಗೆ ಹೋದಳು.

ಬಾಗಿಲು ತೆರೆದವನ ಮುಖಕ್ಕೆ ಮಾಸ್ಕ್. ಕತ್ತು ಎರಡೂ ಕಡೆ ಊದಿತ್ತು. ದೂರ ನಿಲ್ಲು ಎನ್ನುತ್ತಲೇ ಎಲ್ಲ ಹೇಳಿದ. ಜ್ವರ, ಗಂಟಲುನೋವು, ರಕ್ತಪರೀಕ್ಷೆ. ಬಂದದ್ದು ಎಂಜಲಿನಿಂದ ಹರಡುವ ವೈರಸ್, ಮೊನೊ ಅಂತ ಹೆಸರು. ಆ್ಯಂಟಿಬಯೋಟಿಕ್ ಇದಕ್ಕೆ ನಾಟುವುದಿಲ್ಲ. ನೀರು ಕುಡಿ, ಮಲಗು, ಜ್ವರಕ್ಕೆ ಮಾತ್ರೆ ನುಂಗು, ಅಷ್ಟೇ. ಹೊಟ್ಟೆಯ ಎಡಬದಿಯ ಗುಲ್ಮ ಊದಿರುವುದರಿಂದ ತಿಂಗಳು ಭಾರ ಎತ್ತುವಂತಿಲ್ಲ.

“ಹದಿನೆಂಟು ದಿನಕ್ಕೆ ನಿನ್ನ ಪಂದ್ಯ. ನಿಂಗೂ ಗುಲ್ಮ ಊದಿಕೊಂಡು, ಅಖಾಡದಲ್ಲಿ ಪೆಟ್ಟು ಬಿದ್ದು ಒಳಗೇ ಒಡೆದುಹೋದ್ರೆ?”

ಸೊಲ್ಮಿಗೆ ಎದೆ ಹಗುರಾಯಿತು. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. ನೀನು ಬೇರೆ ಬಟ್ಟಲು ಕೇಳಿದ ಹಿಂದಿನ ದಿನದವರೆಗೂ ಮುದ್ದಾಡಿದ್ದೆವಲ್ಲ, ಅಂಟುವುದಿದ್ದರೆ ಆಗಲೇ ಅಂಟಿರುತ್ತದೆ, ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ಎಂದು ಕೇಳಿದಳು. ಹೇಳಿದ್ದರೆ ನೀನು ಅಭ್ಯಾಸ ಬಿಟ್ಟು ಇಲ್ಲೇ ಗಂಜಿ ಕಾಯಿಸುತ್ತಿದ್ದೆ ಎಂದ. ಅದು ನಿಜವೇ.

“ನಂಗೆ ಏನು ಒಳ್ಳೇದು ಅಂತ ನೀನೊಬ್ಬನೇ ತೀರ್ಮಾನ ಮಾಡ್ಬೇಡ ತೇಸಿಕ್.”

ಮರುದಿನ ಅವನನ್ನು ನೋಡಿದ ಡಾಕ್ಟರ ಹತ್ತಿರವೇ ಹೋಗಿ ರಕ್ತ ಕೊಟ್ಟಳು. ರಿಪೋರ್ಟ್ ಬರುವವರೆಗೆ ಅಖಾಡಕ್ಕಿಳಿಯಬೇಡ ಎಂದರು. ಹಲ್ಲು ಕಚ್ಚಿ ಕಾದಳು. ಎರಡು ದಿನಕ್ಕೆ ರಿಪೋರ್ಟ್ ಬಂತು. ಈ ವೈರಸ್ ಅವಳಿಗೆ ಎಂದೋ, ಬಹುಶಃ ಬಾಲ್ಯದಲ್ಲೇ, ಬಂದು ಹೋಗಿತ್ತು. ಒಮ್ಮೆ ಬಂದವರು ಮತ್ತೆ ಇದರಿಂದ ಮಲಗುವುದು ತೀರಾ ಅಪರೂಪ, ಪಂದ್ಯ ಆಡಮ್ಮ ಎಂದರು ಡಾಕ್ಟರು. ಅಮ್ಮನಿಗೆ ಫೋನ್ ಮಾಡಿದರೆ ಅವಳು ನಕ್ಕುಬಿಟ್ಟಳು. ಹಲ್ಲು ಬರುವ ಮೊದಲು ನಿನಗೆ ಅನ್ನ ಅಗಿದು ಬಾಯಿಗಿಡುತ್ತಿದ್ದವಳು ನಿನ್ನ ಅಜ್ಜಿ, ಬೇಡ ಅಂತ ನಾನು ದಿನಾ ಜಗಳ ಆಡ್ತಿದ್ದೆ ಎಂದಳು.

ಸೊಲ್ಮಿ ರಿಪೋರ್ಟನ್ನು ತೇಸಿಕ್‌ನ ಕೈಗಿಟ್ಟಳು. ಅವನು ಮೂರು ಸಲ ಓದಿದ. ಅಷ್ಟರಲ್ಲಿ ಅವಳ ಬೆರಳು ಅವನ ಮಾಸ್ಕಿನ ದಾರಕ್ಕೆ ಹೋಗಿತ್ತು.

“ನಿನ್ನನ್ನ ಕಳ್ಕೊಂಡೆ ಅಂದ್ಕೊಂಡಿದ್ದೆ ಕಣೋ,” ಎಂದಳು ಮೆಲ್ಲಗೆ.

“ಗಂಟಲು ಇನ್ನೂ ನೋಯ್ತಿದೆ.”

“ಮಾತಾಡ್ಬೇಡ ಹಾಗಾದ್ರೆ.”

ಮಾಸ್ಕ್ ಕೆಳಗಿಳಿಯಿತು. ಮತ್ತೆ ಮಾತಾಡಲು ಅವಳ ತುಟಿ ಅವನನ್ನು ಬಿಡಲಿಲ್ಲ.