ಬಾಗಿಲೊಳಗಿನ ಬೋಲ್ಟು

ನಂಬೋದು ಬಿಡೋದು ನಿಮಗೆ ಸೇರಿದ್ದು. ನಮ್ಮಪ್ಪ ಡೆಟ್ರಾಯಿಟ್‌ನ ಕಾರ್ಖಾನೆಯಲ್ಲಿ ಹ್ಯಾಲ್ಡೇನ್ ಕಾರುಗಳ ಬಾಗಿಲು ಕೂರಿಸುತ್ತಿದ್ದ. ಒಳಗೆ ಕೂತರೆ ತಮ್ಮ ಉಸಿರೂ ಕೇಳುತ್ತದೆ, ಅಷ್ಟು ನಿಶ್ಶಬ್ದ ಅಂತ ಮಾಲೀಕರೆಲ್ಲ ಹೊಗಳುವ ಕಾರು. ಮೇಸ್ತ್ರಿ ಬೈದ ದಿನ ಕೆಲಸಗಾರರು ಬಾಗಿಲ ಹೊಟ್ಟೆಯೊಳಗೆ ದಾರದಲ್ಲಿ ಒಂದು ಬೋಲ್ಟು ನೇತುಹಾಕಿ ಮುಚ್ಚಿಬಿಡುತ್ತಿದ್ದರು. ಕೊಂಡ ಸಾಹುಕಾರ ಸಾಯೋತನಕ ಟಕ್ ಟಕ್ ಕೇಳಬೇಕು. ಅಪ್ಪ ಹೊಗೆಸೊಪ್ಪು ಜಗಿಯುತ್ತಾ, ದಾರವನ್ನು ಎಂಜಲಲ್ಲಿ ನೆನೆಸಿ ಗಂಟು ಹಾಕುತ್ತಿದ್ದ.

"ಅದರಲ್ಲಿ ಕೂತೋನು ನನ್ನ ಮಗನೇ ಆದ್ರೂ ಬಿಡಲ್ಲ ಕಣೋ," ಅನ್ನುತ್ತಿದ್ದ.

ಅವನು ಸತ್ತು ಎಷ್ಟೋ ವರ್ಷದ ಮೇಲೆ, ಹಟಕ್ಕೆ ಬಿದ್ದು ಹಳೆಯ ಹ್ಯಾಲ್ಡೇನ್ ಒಂದನ್ನು ಕೊಂಡೆ. ಮನೆಯ ತಿರುವಿನಲ್ಲೇ ಟಕ್ ಟಕ್ ಶುರುವಾಯಿತು. ಗ್ಯಾರೇಜಿನ ಓರ್ವಿಲ್ ಬಾಗಿಲು ಬಿಚ್ಚಿ ಬೋಲ್ಟು ತೆಗೆದ. ದಾರ ಮುಟ್ಟಿದವನೇ ಕೈ ಕೊಡವಿದ.

"ಥೂ, ಏನಯ್ಯಾ ಇದು? ಒದ್ದೆ ಇದೆ! ಬೆಚ್ಚಗೂ ಇದೆ!"

ಹೊಗೆಸೊಪ್ಪಿನ ವಾಸನೆ ನನ್ನ ಮೂಗಿಗೂ ಬಡಿಯಿತು. "ಮುಚ್ಕೊಂಡು ಕೆಲಸ ಮಾಡು," ಅಂದೆ.

ಮರುದಿನ ಇನ್ನೊಂದು ಬಾಗಿಲಲ್ಲಿ ಟಕ್ ಟಕ್. ಬಿಚ್ಚಿದರೆ ಅದೇ ಒದ್ದೆ ದಾರ. ಅದನ್ನು ಕಿತ್ತರೆ ಮೊದಲಿನ ಬಾಗಿಲಲ್ಲಿ ಮತ್ತೆ. ರೋಸಿಹೋಗಿ ಕಾರನ್ನು ಗುಜರಿಗೆ ಹಾಕಿ, ಕಣ್ಣೆದುರೇ ಅಪ್ಪಚ್ಚಿ ಮಾಡಿಸಿದೆ.

"ಈಗ ಬಡಿ ನೋಡೋಣ, ಮುದಿಯಾ!" ಅಂತ ಕೂಗಿಯೂಬಿಟ್ಟೆ.

ಈಗ ಬಸ್ಸಿನಲ್ಲೇ ಓಡಾಟ. ಮೊನ್ನೆ ಮಧ್ಯಾಹ್ನ ಬಸ್ಸು ರಸ್ತೆಗುಂಡಿಗಿಳಿದು ಕುಲುಕಿದಾಗ ಪಕ್ಕದ ಹೆಂಗಸು ನನ್ನ ಎದೆಯತ್ತ ದುರುಗುಟ್ಟಿ ನೋಡಿದಳು.

"ಜೇಬಲ್ಲೇನ್ರೀ ಅದು? ಆವಾಗಿಂದ ಟಕ್ ಟಕ್ ಅಂತ ತಲೆ ತಿಂತಿದೆ."

ಜೇಬು ತಡಕಿದೆ. ಖಾಲಿ. ಬಾಯಲ್ಲಿ ಮಾತ್ರ ಹೊಗೆಸೊಪ್ಪಿನ ಕಹಿ ಇತ್ತು. ನಾನು ಅದನ್ನು ಜನ್ಮದಲ್ಲಿ ಮುಟ್ಟಿದವನಲ್ಲ.