ರಾಯ್ಸ್ ತಪ್ಪಿದ ತಿರುವು

ನಮ್ಮ ಹ್ಯಾಡ್ಲಿ ಕೌಂಟಿಯಲ್ಲಿ ದಾರಿ ಕೇಳಿದರೆ ಇಲ್ಲದ ವಸ್ತುಗಳ ಗುರುತು ಹೇಳುತ್ತಾರೆ. ಸುಟ್ಟುಹೋದ ಗಿರಣಿ ದಾಟಿ ಎಡಕ್ಕೆ ಹೋಗಿ, ಕಡಿದುಹಾಕಿದ ವಾಲ್‌ನಟ್ ಮರದ ಹತ್ತಿರ ಬಲಕ್ಕೆ ತಿರುಗಿ. ಗಿರಣಿ ಸುಟ್ಟು ಎಂಬತ್ತು ವರ್ಷ ದಾಟಿದೆ, ಮರ ಕಡಿದವನ ಮೊಮ್ಮಕ್ಕಳೂ ಮುದುಕರಾಗಿದ್ದಾರೆ. ಹೊರಗಿನವರು ತಲೆ ಕೆರೆದುಕೊಂಡು ನಿಲ್ಲುತ್ತಾರೆ. ನಮಗೆ ಇದೆಲ್ಲ ಸಲೀಸು.

ತೊಂಬತ್ತಾರನೇ ಇಸವಿಯಲ್ಲಿ ಈ ಪದ್ಧತಿಗೆ ಕೊನೆ ಹಾಡುವ ಕೆಲಸ ನನ್ನ ಪಾಲಿಗೆ ಬಂತು. ತುರ್ತು ಕರೆ ಬಂದರೆ ಆಂಬ್ಯುಲೆನ್ಸ್ ಬೇಗ ಮನೆ ಮುಟ್ಟಬೇಕು, ಅದಕ್ಕೆ ಪ್ರತಿ ರಸ್ತೆಗೂ ಹೆಸರು, ಪ್ರತಿ ಮನೆಗೂ ನಂಬರ್ ಇರಬೇಕು ಎಂದು ಆದೇಶವಾಗಿತ್ತು. ಕೋರ್ಟ್‌ಹೌಸಿನ ನೆಲಮಾಳಿಗೆಯಲ್ಲಿ ನನಗೊಂದು ಮೇಜು, ಒಂದು ನಕ್ಷೆ, ಒಂದು ಹಳೇ ಜೀಪು ಕೊಟ್ಟರು. ನನಗಾಗ ಮೂವತ್ಮೂರು. ಬೆಟ್ಟದ ಸಾಲುಗಳ ಮೇಲೂ ಕಣಿವೆಗಳ ಒಳಗೂ ಸುತ್ತಿ, ಮುಖ್ಯರಸ್ತೆಯಿಂದ ಎಷ್ಟು ದೂರವೋ ಅದನ್ನೇ ಮನೆಯ ನಂಬರ್ ಮಾಡಿ, ತಗಡಿನ ಫಲಕ ಹಂಚುತ್ತಿದ್ದೆ.

ರಾಯ್ಸ್ ಟ್ಯಾಕೆಟ್‌ನ ಅಂಗಳದಲ್ಲಿ ಜೀಪು ನಿಲ್ಲಿಸಿದ ದಿನ ಅವನು ಬೇಲಿಯ ತಂತಿ ಬಿಗಿಯುತ್ತಿದ್ದ. ನನ್ನನ್ನು ನೋಡಿ ಇಕ್ಕಳ ಕೆಳಗಿಡಲಿಲ್ಲ.

"ಇಲ್ಲಿಗೆ ಹೇಗೆ ಬಂದ್ರಿ?" ಅಂದ.

"ಜೀಪಲ್ಲಿ."

"ದಾರಿ ಹೇಗೆ ಗೊತ್ತಾಯ್ತು ಅಂತ ಕೇಳಿದ್ದು."

"ಪೆಟ್ರೋಲ್ ಬಂಕಲ್ಲಿ ವಿಚಾರಿಸ್ದೆ. ಟ್ರ್ಯಾಕ್ಟರ್ ಮುಳುಗಿದ ಕೆರೆ ದಾಟಿದ ಮೇಲೆ ಎರಡನೇ ಗೇಟು ಅಂದ್ರು."

"ಸರಿಯಾಗೇ ಬಂದಿದೀರಲ್ಲ. ಮತ್ತೆ ನಂಬರ್ ಯಾಕೆ, ನಂಬರಮ್ಮ?"

ಆ ಹೆಸರು ಅವತ್ತೇ ಅಂಟಿಕೊಂಡಿತು. ನಾನು ಮುಖ ಗಂಟು ಹಾಕಿಕೊಂಡು, "ಆಂಬ್ಯುಲೆನ್ಸ್ ಓಡಿಸೋರು ನೀವೇ ಹೀಗಂದ್ರೆ ಹೇಗೆ?" ಅಂದೆ. ಅವನು ವಾರಕ್ಕೆ ನಾಲ್ಕು ದಿನ ಸಂಬಳವಿಲ್ಲದೆ ಆ ಗಾಡಿ ಓಡಿಸುತ್ತಿದ್ದ.

"ನನಗೆ ಎಲ್ಲರ ಮನೆನೂ ಗೊತ್ತು. ಹೆಸರು ಹೇಳಿ, ಕಣ್ಣು ಮುಚ್ಕೊಂಡು ಹೋಗ್ತೀನಿ."

ಹೀಗೆ ಹೇಳುತ್ತ ನಿಜವಾಗಿ ಕಣ್ಣು ಮುಚ್ಚಿ, ಒಂದು ಕಣ್ಣನ್ನು ಸ್ವಲ್ಪವೇ ತೆರೆದು ನಾನು ನಗುತ್ತೇನೋ ಎಂದು ನೋಡಿದ. ನಾನು ನಗಲಿಲ್ಲ. ಜೀಪು ಹತ್ತಿ ಗೇಟು ದಾಟಿದ ಮೇಲೆ ನಕ್ಕೆ. ನಾನು ಕೊಟ್ಟ ಫಲಕವನ್ನು ಅವನು ಕೋಳಿಗಳ ನೀರಿನ ತೊಟ್ಟಿಗೆ ಮುಚ್ಚಳ ಮಾಡಿಕೊಂಡನೆಂದು ಆಮೇಲೆ ತಿಳಿಯಿತು.

ರಸ್ತೆಗಳಿಗೆ ಹೆಸರಿಡುವ ತಿಂಗಳು ನನ್ನ ಮೇಜಿನ ಮುಂದೆ ಜಾತ್ರೆ. ಒಬ್ಬನಿಗೆ ತಾತನ ಹೆಸರು ಬೇಕು, ಇನ್ನೊಬ್ಬನಿಗೆ ಆ ತಾತನ ಹೆಸರು ಮಾತ್ರ ಬೇಡ. ಒಂದು ಮಧ್ಯಾಹ್ನ ರಾಯ್ಸ್‌ನ ಅಜ್ಜಿ ಡೆಲ್ಫಾ ಬಂದಳು. ಎಂಬತ್ನಾಲ್ಕರ ಸಣ್ಣ ಮೈಯ ಹೆಂಗಸು, ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡಿದ್ದಳು.

"ನೋಡು ಮಗಳೇ, ನಮ್ಮನೆ ರಸ್ತೆನ ನನ್ನ ಗಂಡ ಒಂದು ಜೊತೆ ಹೇಸರಗತ್ತೆ ಕಟ್ಕೊಂಡು ಒಬ್ನೇ ಕಡಿದಿದ್ದು. ಅವನಿಗೆ ಸಮಾಧಿ ಕಲ್ಲು ಬಿಟ್ರೆ ಎಲ್ಲೂ ಹೆಸರಿಲ್ಲ. ಟ್ಯಾಕೆಟ್ ರಸ್ತೆ ಅಂತ ಇಟ್ಬಿಡು."

ಅವರ ಮನೆಯ ಬಳಿಯ ಹಳ್ಳದ ಆಚೆ ದಂಡೆಯ ರಸ್ತೆಗೆ ಆಗಲೇ ಟ್ಯಾಕೆಟ್ ಹಳ್ಳ ರಸ್ತೆ ಎಂದು ಹೆಸರಾಗಿತ್ತು. ಒಂದೇ ಥರ ಕೇಳಿಸುವ ಎರಡು ಹೆಸರು ಒಂದು ಕೌಂಟಿಯಲ್ಲಿ ಇರಕೂಡದು ಎಂಬ ನಿಯಮ ನನ್ನ ಕೈಪಿಡಿಯ ಹನ್ನೊಂದನೇ ಪುಟದಲ್ಲಿತ್ತು. ನಾನು ಬಾಯಿ ತೆರೆದೆ. ಅಜ್ಜಿಯ ಹಿಂದೆ, ಬಾಗಿಲಿಗೆ ಒರಗಿ ರಾಯ್ಸ್ ನಿಂತಿದ್ದ. ಅವತ್ತು ಕೀಟಲೆಯಿರಲಿಲ್ಲ; ಅಜ್ಜಿಗೋಸ್ಕರ ಕೇಳಿಕೊಳ್ಳುವ ಮುಖ. ಹಾಗೆ ನನ್ನನ್ನು ಯಾರೂ ನೋಡಿರಲಿಲ್ಲ.

"ಆಗಲಿ ಅಜ್ಜಿ," ಅಂದೆ.

ಆ ಒಂದು ನೋಟಕ್ಕೆ ನಾನು ಒಂದು ರಸ್ತೆಯನ್ನೇ ಕೊಟ್ಟೆ. ಡೆಲ್ಫಾಳ ಮನೆಗೆ ಇನ್ನೂರ ಹನ್ನೆರಡು ಬಂತು. ಹಳ್ಳದ ಆಚೆ ವರ್ಜಿಲ್ ಗಾಸ್‌ನ ಮನೆಗೂ, ಅವನ ರಸ್ತೆಯಲ್ಲಿ ಅಳೆದರೆ, ಇನ್ನೂರ ಹನ್ನೆರಡೇ. ಅದನ್ನೂ ನೋಡಿದೆ, ನೋಡಿಯೂ ಬಿಟ್ಟೆ.

ಆ ಚಳಿಗಾಲ ನನ್ನ ಬದುಕಿನ ಚೆಂದದ ಕಾಲ. ಶುಕ್ರವಾರ ಅಗ್ನಿಶಾಮಕದವರು ಚಂದಾ ಎತ್ತಲು ಹಾಕುವ ಮೀನಿನೂಟದಲ್ಲಿ ಅವನು ನನ್ನ ಎದುರೇ ಕೂರುತ್ತಿದ್ದ. ನನ್ನ ಕಾಫಿಗೆ ತಾನೇ ಸಕ್ಕರೆ ಹಾಕಿ, ಬೇಕೆಂದೇ ಒಂದು ಚಮಚ ಜಾಸ್ತಿ ಹಾಕಿ, ನಾನು ಕುಡಿಯುವವರೆಗೆ ಕಾಯುತ್ತಿದ್ದ.

"ಸಿಹಿ ಆಯ್ತಾ?"

"ಹೆಚ್ಚಾಯ್ತು."

"ನಿನಗೆ ಅಭ್ಯಾಸ ಆಗ್ಲಿ ಅಂತ." ನೀವು ಹೋಗಿ ನೀನು ಆದದ್ದು ಆಗಲೇ. ಮೇಜಿನ ಕೆಳಗೆ ಅವನ ಬೂಟು ನನ್ನ ಬೂಟಿಗೆ ತಾಗಿದರೆ ಇಬ್ಬರೂ ಕಾಲು ತೆಗೆಯುತ್ತಿರಲಿಲ್ಲ. ಮುಖ ಮಾತ್ರ ಮೀನಿನ ತಟ್ಟೆಯ ಕಡೆ ಇರುತ್ತಿತ್ತು.

ಏಪ್ರಿಲ್‌ನಲ್ಲಿ ಮೂರು ದಿನ ಮಳೆ ಹಿಡಿಯಿತು. ಮೂರನೇ ದಿನ ಬೆಳಿಗ್ಗೆ ಹತ್ತಕ್ಕೆ ವರ್ಜಿಲ್‌ಗೆ ಎದೆನೋವು ಬಂತು. ಹೊಸ ಪದ್ಧತಿಯಲ್ಲಿ ಕರೆಗಳು ಪಕ್ಕದ ಕೌಂಟಿಗೆ ಹೋಗುತ್ತಿದ್ದವು. ಅಲ್ಲಿ ಕೂತವರಿಗೆ ನಮ್ಮ ಜನರ ಪರಿಚಯವಿಲ್ಲ, ಅವರು ನಂಬರ್ ಮತ್ತು ರಸ್ತೆ ಮಾತ್ರ ಓದುತ್ತಾರೆ. ಮಳೆಯಲ್ಲಿ ಗರಗರ ಅನ್ನುತ್ತಿದ್ದ ರೇಡಿಯೋದಲ್ಲಿ ರಾಯ್ಸ್‌ಗೆ ಕೇಳಿಸಿದ್ದು, ಇನ್ನೂರ ಹನ್ನೆರಡು, ಟ್ಯಾಕೆಟ್. ಅಜ್ಜಿಗೇ ಏನೋ ಆಯಿತೆಂದು ಹುಚ್ಚನ ಹಾಗೆ ಗಾಡಿ ಓಡಿಸಿದ. ಅಜ್ಜಿ ಜಗಲಿಯಲ್ಲಿ ಕೂತು ಬೀನ್ಸ್ ಆರಿಸುತ್ತಿದ್ದಳು.

"ಏನೋ, ಇಷ್ಟೊತ್ತಲ್ಲಿ ಬಂದೆ?" ಅಂದಳಂತೆ. ಕರೆ ಬಂದದ್ದು ಟ್ಯಾಕೆಟ್ ಹಳ್ಳ ರಸ್ತೆಯಿಂದ ಎಂದು ಅವನಿಗೆ ಆಗ ಹೊಳೆಯಿತು.

ಅಲ್ಲಿಂದ ವರ್ಜಿಲ್‌ನ ಮನೆಯ ಹೊಗೆಕೊಳವೆ ಕಾಣುತ್ತದೆ. ಆದರೆ ನಡುವಿನ ತಗ್ಗು ಸೇತುವೆಯ ಮೇಲೆ ಆಳೆತ್ತರ ನೀರು. ಹೆದ್ದಾರಿಗೆ ವಾಪಸು ಬಂದು ಸುತ್ತಿಕೊಂಡು ಹೋಗಲು ಮೂವತ್ತೈದು ನಿಮಿಷ ಹಿಡಿಯಿತು. ಅಷ್ಟರಲ್ಲಿ ವರ್ಜಿಲ್ ಹೋಗಿಬಿಟ್ಟಿದ್ದ.

ಮುಂದಿನ ಸೋಮವಾರ ಕೌಂಟಿಯ ಸಭೆಯಲ್ಲಿ ಹೇಗಾಯಿತೆಂದು ಕೇಳಿದರು. ರಾಯ್ಸ್ ಎದ್ದು ನಿಂತ. ಟೋಪಿ ಕೈಯಲ್ಲಿತ್ತು. "ನಾನೇ ತಪ್ಪಾಗಿ ಕೇಳಿಸ್ಕೊಂಡೆ. ಇನ್ನೊಂದ್ ಸಲ ಕೇಳ್ಬೇಕಿತ್ತು, ಕೇಳ್ಲಿಲ್ಲ. ತಪ್ಪು ನಂದು," ಅಂದ. ವರ್ಜಿಲ್‌ನ ಹೆಂಡತಿ ಇಮೋಜೀನ್ ಮುಂದಿನ ಸಾಲಿನಲ್ಲಿ ಕೂತಿದ್ದಳು. ನಾನು ಮೂರನೇ ಸಾಲಿನಲ್ಲಿದ್ದೆ, ಕೈಪಿಡಿ ತೊಡೆಯ ಮೇಲಿನ ಚೀಲದಲ್ಲಿತ್ತು. ಏಳಬೇಕು ಅಂದುಕೊಂಡೆ. ಎದ್ದರೆ ಅವನು ನನ್ನನ್ನು ಇನ್ನು ಯಾವತ್ತೂ ಆ ಥರ ನೋಡುವುದಿಲ್ಲ ಅನ್ನಿಸಿತು. ಸಭೆ ಮುಗಿಯಿತು, ನಾನು ಎದ್ದಿರಲಿಲ್ಲ.

ಅವನು ಆಂಬ್ಯುಲೆನ್ಸ್ ಬಿಟ್ಟ. ಮೀನಿನೂಟಕ್ಕೂ ಬರುವುದು ಬಿಟ್ಟ. ನಾನೇ ಭಾನುವಾರ ಭಾನುವಾರ ಹಣ್ಣು ತುಂಬಿದ ಪೈ ಬೇಯಿಸಿಕೊಂಡು ಹೋಗುತ್ತಿದ್ದೆ. ಅವನು ಎರಡು ತುತ್ತು ತಿಂದು ತಟ್ಟೆ ಪಕ್ಕಕ್ಕಿಡುತ್ತಿದ್ದ.

ಒಂದು ಭಾನುವಾರ ತಾನಾಗಿ ಹೇಳಿದ. "ಜೋನೆಲ್, ಅಜ್ಜಿ ಬೀನ್ಸ್ ಆರಿಸ್ತಾ ಕೂತಿದ್ದು ನೋಡಿ ನನಗೆ ಖುಷಿ ಆಯ್ತು. ಒಂದು ಗಳಿಗೆ, ಅಷ್ಟೇ. ಆ ಗಳಿಗೇಲಿ ಅಲ್ಲಿ ವರ್ಜಿಲ್ ಸಾಯ್ತಿದ್ದ. ನಾನೆಂಥಾ ಮನುಷ್ಯ ಹೇಳು."

ನನ್ನ ಕೈ ಹಿಡಿದುಕೊಂಡು ಹೇಳಿದ. ಎಷ್ಟು ತಿಂಗಳಿಂದ ಆ ಕೈಗಾಗಿ ಆಸೆಪಟ್ಟಿದ್ದೆನೋ ಅದು ಸಿಕ್ಕಿತ್ತು, ಕದ್ದ ಮಾಲಿನಂತೆ ನನ್ನ ಅಂಗೈಯನ್ನು ಸುಡುತ್ತಿತ್ತು. "ನಿನ್ನ ತಪ್ಪಲ್ಲ," ಅಂದೆ. ಯಾರ ತಪ್ಪು ಎಂದು ಹೇಳಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆಗಸ್ಟ್‌ನಲ್ಲಿ ಒಬ್ಬ ಮುದುಕ ನನ್ನ ಆಫೀಸಿಗೆ ಬಂದ. ಹುಲ್ಲಿನ ಕಂತೆ ಕೊಳ್ಳಲು ಬಂದಿದ್ದ ಹೊರಗಿನವನೊಬ್ಬ ಅಲ್ಲೇ ದಾರಿ ಕೇಳುತ್ತ ನಿಂತಿದ್ದ. ಮುದುಕ ನಕ್ಷೆಯನ್ನು ಪಕ್ಕಕ್ಕೆ ಸರಿಸಿದ.

"ಅದನ್ನೇನು ನೋಡ್ತೀಯಾ. ಹೆದ್ದಾರಿಲಿ ಹೋಗ್ತಾ ಇರು. ರಾಯ್ಸ್ ತಪ್ಪಿದ ತಿರುವು ಸಿಗುತ್ತೆ. ಅಲ್ಲಿ ಎಡಕ್ಕೆ."

ಬೇಕೆಂದು ನೋಯಿಸುವ ಮಾತಲ್ಲ ಅದು, ಗಿರಣಿ ಸುಟ್ಟದ್ದನ್ನು ಹೇಳುವ ಧಾಟಿಯಲ್ಲೇ ಹೇಳಿದ. ನಾನು ನೆಟ್ಟ ಕಂಬಗಳು ಹತ್ತು ವರ್ಷಕ್ಕೆ ತುಕ್ಕು ಹಿಡಿಯುತ್ತವೆ. ಇದು ಹಾಗಲ್ಲ. ನಾವೆಲ್ಲ ಸತ್ತು ನೂರು ವರ್ಷವಾದರೂ ಜನ ರಾಯ್ಸ್ ತಪ್ಪಿದ ತಿರುವಿನಲ್ಲಿ ಎಡಕ್ಕೆ ಹೋಗುತ್ತಿರುತ್ತಾರೆ.

ಅವತ್ತೇ ಸಂಜೆ ನಾಲ್ಕಕ್ಕೆ ಅವನ ಮನೆಗೆ ಹೋದೆ. ಪೈ ಒಯ್ಯಲಿಲ್ಲ. ಕೈಪಿಡಿಯ ಹನ್ನೊಂದನೇ ಪುಟ ತೆಗೆದು ಅವನ ಮುಂದಿಟ್ಟೆ. ಅವನು ಓದಿದ. ಬೆರಳಿಟ್ಟು ಇನ್ನೊಮ್ಮೆ ಓದಿದ.

"ಇದು ನಿನಗೆ ಯಾವಾಗ ಗೊತ್ತಾಯ್ತು?"

"ಹೆಸರಿಡೋವಾಗ್ಲೇ ಗೊತ್ತಿತ್ತು."

"ಗೊತ್ತಿದ್ದೂ?"

"ನೀನು ಬಾಗಿಲಲ್ಲಿ ನಿಂತಿದ್ದೆ. ನಿನ್ನ ಕಣ್ಣಿಗೆ ಒಳ್ಳೆಯವಳಾಗ್ಬೇಕು ಅನ್ನಿಸ್ತು. ನಿನ್ನ ಮೇಲೆ ನನಗೆ ಅಷ್ಟು ಆಸೆ ಇತ್ತು ರಾಯ್ಸ್. ಈಗ್ಲೂ ಇದೆ." ಪ್ರೀತಿ ಹೇಳಿಕೊಳ್ಳಲು ಇದಕ್ಕಿಂತ ಕೆಟ್ಟ ಗಳಿಗೆ ಯಾರಿಗೂ ಸಿಕ್ಕಿರಲಾರದು.

ಅವನು ಕೋಳಿಗಳ ಕಡೆ ತಿರುಗಿದ. "ನಾಲ್ಕು ತಿಂಗಳು ನನ್ನೆದುರು ಕೂತು ಪೈ ತಿನ್ನಿಸಿದ್ಯಲ್ಲ," ಅಂದ. ದನಿ ಏರಿಸಲಿಲ್ಲ. "ನನ್ಹತ್ರ ಯಾಕೆ ಹೇಳ್ತೀಯಾ. ನಾನು ಎಲ್ಲಿ ನಿಂತು ಹೇಳಿದ್ನೋ ಅಲ್ಲಿ ಹೇಳು." ಕೈಪಿಡಿಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದ.

ಸೋಮವಾರ ನಾನು ಎದ್ದು ನಿಂತೆ. ಹಾಲ್ ತುಂಬಾ ಜನ. ಪುಟವನ್ನು ಓದಿ, ಎರಡು ರಸ್ತೆ, ಎರಡು ಇನ್ನೂರ ಹನ್ನೆರಡು, ಎಲ್ಲ ಹೇಳಿದೆ. ಯಾಕೆಂದು ಕೇಳಿದಾಗ, "ಒಬ್ಬರನ್ನ ಮೆಚ್ಚಿಸೋಕೆ," ಅಂದೆ. ಯಾರನ್ನೆಂದು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ. ಹಿಂದಿನ ಗೋಡೆಗೆ ಒರಗಿ ರಾಯ್ಸ್ ನೆಲ ನೋಡುತ್ತಿದ್ದ.

ಇಮೋಜೀನ್ ತಿರುಗಿ ಕೂತಳು. "ನಿನ್ನ ಹತ್ರ ಇವತ್ತು ಮಾತಾಡೋದೇನೂ ಇಲ್ಲ ನನಗೆ. ಮುಂದೆ ನೋಡೋಣ. ಮೊದಲು ಆ ಬೋರ್ಡ್ ತೆಗಿ." ಸಭೆಯ ಕಾರ್ಯದರ್ಶಿ ಆ ರಸ್ತೆಗೆ ವರ್ಜಿಲ್‌ನ ಹೆಸರಿಡಬಹುದೇ ಎಂದು ಕೇಳಿದರೆ ಅವಳು ಅಡ್ಡಡ್ಡ ತಲೆಯಾಡಿಸಿದಳು. "ಬೇಡ. ನವೆಂಬರ್‌ನಲ್ಲಿ ಬೇಟೆಗೆ ಹೋಗಿ ಜಿಂಕೆ ಸಿಗದ ಗಂಡಸರೆಲ್ಲ ಬೋರ್ಡಿಗೆ ಗುಂಡು ಹೊಡೀತಾರೆ."

ಬೋರ್ಡ್ ತೆಗೆಯಲು ಹೋದಾಗ ಡೆಲ್ಫಾ ಆಗಲೇ ರಸ್ತೆಯ ಬಾಯಲ್ಲಿ ಗುದ್ದಲಿ ಹಿಡಿದು ನಿಂತಿದ್ದಳು. "ನನ್ನ ಗಂಡ ಇದ್ದಿದ್ರೆ ಈ ಕಂಬನ ಅವತ್ತೇ ಕೀಳ್ತಿದ್ದ. ಕೇಳಿದ್ದು ನಾನು ಕಣೇ. ನನಗೂ ಪಾಲಿದೆ," ಅಂದಳು. ಇಬ್ಬರೂ ಸೇರಿ ಕಿತ್ತೆವು. ನನ್ನನ್ನು ರಸ್ತೆಯ ಕೆಲಸದಿಂದ ತೆಗೆದು ತೆರಿಗೆ ಕಡತಗಳ ಕೋಣೆಗೆ ಹಾಕಿದರು. ಸರಿಯಾಗೇ ಮಾಡಿದರು.

ಅಕ್ಟೋಬರ್ ಕೊನೆಯ ಒಂದು ಬೆಳಿಗ್ಗೆ, ವಾಲ್‌ನಟ್ ಉದುರುವ ಕಾಲದಲ್ಲಿ, ರಾಯ್ಸ್ ಆ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಸೊಂಟದಲ್ಲಿ ಆಂಬ್ಯುಲೆನ್ಸಿನ ಪೇಜರ್ ಇತ್ತು, ಮತ್ತೆ ಗಾಡಿ ಹತ್ತಿದ್ದ. ಒಳಗೆ ಬರಲಿಲ್ಲ.

"ಮನೆ ನಂಬರ್ ಫಲಕ ಬೇಕಿತ್ತು."

"ಕೊಟ್ಟಿದ್ನಲ್ಲ."

"ತುಕ್ಕು ಹಿಡಿದಿದೆ. ಕೋಳಿ ನೀರು."

"ನಿನ್ನ ಮನೆ ಎಲ್ಲರಿಗೂ ಗೊತ್ತು. ನಂಬರ್ ಯಾಕೆ?"

"ಒಬ್ಬಳು ಬರೋದು ಬಿಟ್ಟಿದಾಳೆ. ದಾರಿ ಮರೆತಿರ್ಬೇಕು." ಆಮೇಲೆ ನನ್ನ ಮುಖ ನೋಡಿದ. ಎರಡು ತಿಂಗಳ ನಂತರ ಮೊದಲ ಸಲ. "ನನಗಿನ್ನೂ ಸಿಟ್ಟು ಹೋಗಿಲ್ಲ ಜೋನೆಲ್. ಹೋದ್ಮೇಲೆ ಬರೋಣ ಅಂತಿದ್ದೆ. ಅದು ಬೇಗ ಹೋಗೋ ಥರ ಕಾಣ್ಲಿಲ್ಲ. ಅದನ್ನೂ ಜೊತೆಗೆ ಇಟ್ಕೊಂಡೇ ಬಂದೆ."

ಹಳೇ ಮೇಜಿನ ಖಾನೆಯಿಂದ ಫಲಕ ತಂದು ಕೊಟ್ಟೆ. ಅವನು ಫಲಕದ ಜೊತೆ ನನ್ನ ಬೆರಳುಗಳನ್ನೂ ಹಿಡಿದು ನಿಂತ.

ಈಗ ಆ ಫಲಕ ನಮ್ಮ ಗೇಟಿನ ಮೇಲಿದೆ. ಪೋಸ್ಟಿನವರ ಹೊರತು ಯಾರೂ ಅದನ್ನು ನೋಡುವುದಿಲ್ಲ. ಇಮೋಜೀನ್ ಏಳು ವರ್ಷದ ಮೇಲೆ ಚರ್ಚಿನಲ್ಲಿ ನನ್ನ ಪಕ್ಕ ಬಂದು ಕೂತಳು.

ನಿನ್ನೆ ಅಡುಗೆ ಗ್ಯಾಸ್ ತರುವ ಹೊಸಬನೊಬ್ಬ ಫೋನ್ ಮಾಡಿ ದಾರಿ ಕೇಳಿದ. ರಾಯ್ಸ್ ಫೋನಿಗೆ ಕೈ ಚಾಚಿದ. ಆ ತಿರುವಿನ ಈಗಿನ ಹೆಸರು ನನ್ನ ಬಾಯಿಂದ ಬರುವುದು ಅವನಿಗೆ ಇಂದಿಗೂ ಹಿಡಿಸುವುದಿಲ್ಲ. ನಾನು ಕೊಡಲಿಲ್ಲ.

"ಹೆದ್ದಾರಿಲಿ ಹೋಗ್ತಾ ಇರಿ," ಅಂದೆ. "ಕಿತ್ತುಹಾಕಿದ ಕಂಬ ಸಿಗುತ್ತೆ. ಜೋನೆಲ್ ತಪ್ಪಿದ ತಿರುವು ಅಂತಾರೆ, ಯಾರನ್ನ ಕೇಳಿದ್ರೂ ಹೇಳ್ತಾರೆ. ಅಲ್ಲಿಂದ ಎರಡನೇ ಗೇಟು."